ಇಬ್ಬರ ಬೀಡಿ

ಹನ್ನೊಂದು ದಿನದಿಂದ ಗಾದಿಲಿಂಗ ಹೆಂಡತಿಯ ಹತ್ತಿರ ಸುಳಿದಿರಲಿಲ್ಲ. ಟ್ರ್ಯಾಕ್ಟರ್ ಕೆಲಸ ಮುಗಿಸಿ ಬಂದವನು ಕಟ್ಟೆಯ ಮೇಲೇ ಉಣ್ಣುತ್ತಿದ್ದ, ಅಲ್ಲೇ ಮಲಗುತ್ತಿದ್ದ. ತಟ್ಟೆ ಕೊಡುವಾಗ ರೇಣುಕಾಳ ಬೆರಳು ತಾಗಿದರೂ ಸರಿದು ಕೂರುತ್ತಿದ್ದ.

ಕಾರಣ ತನಗೆ ಗೊತ್ತು ಅಂದುಕೊಂಡಿದ್ದಳು ಅವಳು.

ಗುಡೇಕೋಟೆಯ ಗುಡ್ಡದಲ್ಲಿ ಕುರಿ ಕಾಯುವಾಗ ಅಜ್ಜಿಗೆ ಬೀಡಿ ಹೊತ್ತಿಸಿಕೊಡುತ್ತ ಅವಳೂ ಸೇದಲು ಕಲಿತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನ ಜೇಬಿನಿಂದ ಒಂದು ಕದ್ದು ಸಿಕ್ಕಿಬಿದ್ದಾಗ ಅವನು ಬೈಯಲಿಲ್ಲ. ಕಡ್ಡಿ ಗೀರಿ ಹಿಡಿದ. ಆ ಬೆಳಕಿನಲ್ಲಿ ತುಟಿಯಂಚಿನಲ್ಲೇ ನಕ್ಕ ಅವನ ನೋಟಕ್ಕೆ ಅವಳು ಸೋತಿದ್ದಳು.

ಹೋದ ವರ್ಷ ಬಸಿರು ನಿಲ್ಲಲಿಲ್ಲ. ಈ ಸಲ ನಾಲ್ಕು ತಿಂಗಳು ತುಂಬಿತ್ತು. ಆಶಾ ಕಾರ್ಯಕರ್ತೆ ಪಕ್ಕೀರಮ್ಮ ಮನೆಗೆ ಬಂದು, ಬೀಡಿಯಿಂದ ಕೂಸಿಗೆ ಕೇಡು, ಇವತ್ತೇ ಬಿಡು ಎಂದು ತಿಳಿಹೇಳಿದಳು. ಹೋಗುವಾಗ ಹೊರಗೆ ಗಾದಿಲಿಂಗನ ಜೊತೆಗೂ ಏನೋ ಮಾತಾಡಿದಳು. ರೇಣುಕಾ ಬಿಟ್ಟಳು. ಆದರೆ ಐದನೇ ದಿನ ಶೇಂಗಾ ಹೊಲದಲ್ಲಿ ಕಳೆ ಕೀಳುವಾಗ ತಲೆ ಸಿಡಿದು, ಜೊತೆಗಿದ್ದ ಎರ್ರೆಮ್ಮನ ಹತ್ತಿರ ಅರ್ಧ ಬೀಡಿ ಇಸಿದುಕೊಂಡಳು. ಆ ಮುದುಕಿಯೇ ಗಂಡನಿಗೆ ಹೇಳಿರಬೇಕು.

ಸೋಮವಾರ ಕೂಡ್ಲಿಗಿಗೆ ಚೆಕಪ್‌ಗೆ ಹೋದರು. ಬಸ್ಸಿನಲ್ಲೂ ಅವನು ಹಿಂದಿನ ಸೀಟಿನಲ್ಲಿ ಕೂತ. ಕೂಸು ಚೆನ್ನಾಗಿದೆ ಅಂದರು ಡಾಕ್ಟರು. ಹೊರಗೆ ಬೇವಿನ ಮರದ ಕೆಳಗೆ ಅವಳು ಕೂತುಬಿಟ್ಟಳು. ಮುಚ್ಚಿಡುವ ಶಕ್ತಿಯೂ ಉಳಿದಿರಲಿಲ್ಲ.

"ಅರ್ಧ ಬೀಡಿ ಸೇದೀನ್ರಿ. ಬೈಯಂಗಿದ್ರ ಬೈದ್ಬಿಡ್ರಿ. ಹಿಂಗ ದೂರ ಕುಂದ್ರಬ್ಯಾಡ್ರಿ."

ಗಾದಿಲಿಂಗ ಎರಡು ಮಾರು ದೂರದಲ್ಲೇ ಕುಕ್ಕರುಗಾಲಲ್ಲಿ ಕೂತ.

"ನನಗದು ಗೊತ್ತೇ ಇಲ್ಲಲೇ. ನನ್ನ ಹೊಗಿನೂ ಕೂಸಿಗೆ ಆಗಂಗಿಲ್ಲ ಅಂದಿದ್ಲು ಪಕ್ಕೀರಮ್ಮ. ನೀ ಬಿಟ್ಟಿ, ನನಗ ಬಿಡಾಕ ಆಗವಲ್ದು. ದಿನಾ ಸೇದಿ ಬರ್ತೀನಿ. ಯಾವ ಮುಖ ಇಟ್ಕೊಂಡು ನಿನ್ನ ಹತ್ರ ಬರ್ಲಿ?"

ಅವಳಿಗೆ ನಗು ಬಂತು, ಹಿಂದೆಯೇ ಅಳು. ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕೈ ಹಿಡಿದು ಎದ್ದಳು. ಇಬ್ಬರೂ ಮತ್ತೆ ಒಳಗೆ ಹೋಗಿ ನರ್ಸಮ್ಮನ ಮುಂದೆ ಇದ್ದದ್ದು ಇದ್ದಂಗೆ ಹೇಳಿದರು. ನಾಚಿಕೊಳ್ಳಬೇಡಿ, ಜಾರಿ ಸೇದಿಬಿಟ್ಟರೂ ಮತ್ತೆ ಬಿಡಲು ಶುರು ಮಾಡಿ ಅಂದಳು ಆಕೆ.

ಅವನು ಎರಡು ಸಲ ಜಾರಿದ. ಎರಡು ಸಲವೂ ಬಾಗಿಲಲ್ಲೇ ನಿಂತು ಹೇಳಿದ. ಉಂಡ ಮೇಲೆ ಬೀಡಿಯ ಆಸೆ ಹೆಚ್ಚಾಗುತ್ತಿದ್ದರಿಂದ ಇಬ್ಬರೂ ಕೆರೆ ಏರಿಯ ಮೇಲೆ ನಡೆಯುತ್ತಿದ್ದರು, ದಣಿದ ಕಾಲು ಎಳೆದುಕೊಂಡೇ. ಆರನೇ ತಿಂಗಳಲ್ಲಿ ಒಂದು ಸಂಜೆ ಅವಳು ತಟ್ಟನೆ ನಿಂತು ಅವನ ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಕೂಸು ಒದೆಯಿತು.

"ನಿನ್ನಂಗ ಹಟಮಾರಿ ಐತಿ," ಅಂದ ಅವನು.

"ಇರ್ಲಿ ಬಿಡ್ರಿ. ಹಟ ಇಲ್ದಿದ್ರ ನಾವು ಇಲ್ಲೀತನ ಬರ್ತಿದ್ವೇನು?"

ಅವನು ಕೈ ತೆಗೆಯಲಿಲ್ಲ.