ರೆಕ್ಕೆಯೊಳಗಿನ ಕುಂಕುಮ

ವಾರಿಜಾ ಮೊಳೆ ತೆಗೆದುಕೊಂಡು ಅಂಗೈಯಗಲದ ಬೂದು ಹಾಳೆಯ ಮೇಲೆ ಉದ್ದಕ್ಕೂ ಗೀಚಿದಳು. ವಿಮಾನದ ರೆಕ್ಕೆ ಮಾಡಲೆಂದು ಅವಳೇ ಕಂಡುಹಿಡಿದ ವಸ್ತು ಅದು. ಹಾಳೆಯೊಳಗೆ ಕೂದಲಿಗಿಂತ ತೆಳುವಾದ ನಾಳಗಳು, ನಾಳಗಳ ತುಂಬ ಅಂಟುರಸ. ಬಿರುಕು ಬಿಟ್ಟಲ್ಲಿ ರಸ ಒಸರಿ, ಗಟ್ಟಿಯಾಗಿ, ಗಾಯ ತಾನಾಗಿಯೇ ಮಾಯುತ್ತದೆ. ನಿರ್ದೇಶಕ ಡಾ. ಬೋಪಯ್ಯ ಕಾಫಿ ಮುಗಿಸಿ ಲೋಟ ಕೆಳಗಿಡುವಷ್ಟರಲ್ಲಿ ಗೀರು ಹುಡುಕಿದರೂ ಸಿಗಲಿಲ್ಲ.

"ಚೆನ್ನಾಗಿದೆಯಮ್ಮ," ಎಂದರು ಅವರು. "ಮೇಜಿನ ಮೇಲೆ ಪ್ರತಿ ಸಲವೂ ಚೆನ್ನಾಗಿಯೇ ಇರುತ್ತೆ. ಯಂತ್ರಕ್ಕೆ ಹಾಕಿದರೆ ಮಾತ್ರ ಮುರಿಯುತ್ತಲ್ಲ?"

2058ರ ಬೇಸಿಗೆ. ಬೆಂಗಳೂರಿನ ಆ ವಿಮಾನ ಪ್ರಯೋಗಾಲಯದಲ್ಲಿ ಯಂತ್ರವೆಂದರೆ ಬಳಲಿಕೆ ಪರೀಕ್ಷೆಯ ಯಂತ್ರ. ರೆಕ್ಕೆಯ ಬುಡವನ್ನು ಬಿಗಿಹಿಡಿದು ತುದಿಯನ್ನು ಮೇಲಕ್ಕೂ ಕೆಳಕ್ಕೂ ಬಗ್ಗಿಸುತ್ತಲೇ ಇರುವುದು ಅದರ ಕಸುಬು. ಆಕಾಶದಲ್ಲಿ ರೆಕ್ಕೆ ಒಂದು ಆಯುಷ್ಯವಿಡೀ ತಿನ್ನುವ ಪೆಟ್ಟನ್ನು ಕೆಲವೇ ತಿಂಗಳಲ್ಲಿ ತಿನ್ನಿಸಿಬಿಡುತ್ತದೆ. ಸರದಿ ಕಾಯುವವರು ಬೇಕಾದಷ್ಟು ಮಂದಿ, ಹಾಗಾಗಿ ಅದು ಹಗಲೂ ರಾತ್ರಿ ಓಡಬೇಕು. ವಾರಿಜಾಳ ಮೂರು ರೆಕ್ಕೆಗಳಲ್ಲಿ ಮೊದಲನೆಯದೂ ಮೂರನೆಯದೂ ಬೇಗನೆ ಲಟಕ್ಕೆಂದಿದ್ದವು. ಎರಡನೆಯದು ಮಾತ್ರ ಅವುಗಳ ದುಪ್ಪಟ್ಟು ಬಾಳಿತ್ತು. ಯಾಕೆ? ಯಾರಿಗೂ ಗೊತ್ತಿಲ್ಲ. ತಿಂಗಳ ಕೊನೆಯೊಳಗೆ ಕಾರಣ ಹೇಳದಿದ್ದರೆ ಯೋಜನೆ ಬಂದ್, ಅವಳ ಅರ್ಧ ಆಯುಷ್ಯದ ದುಡಿಮೆ ನೀರುಪಾಲು.

ಅವಳು ಹಲ್ಲುಕಚ್ಚಿ ಆ ಎರಡನೇ ರೆಕ್ಕೆಯನ್ನು ಚೂರು ಚೂರಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟಳು. ಒಂದು ಚೂರಿನಲ್ಲಿ ಆಳವಾದ ಬಿರುಕೊಂದು ಪೂರ್ತಿ ಮಾಯ್ದಿತ್ತು. ಗಟ್ಟಿಯಾದ ರಸದ ನಡುವೆ ಕೆಂಪು ಕಣಗಳು ಸಿಕ್ಕಿಕೊಂಡಿದ್ದವು.

"ಮಹಾಂತೇಶ್, ಸ್ವಲ್ಪ ಬನ್ನಿ ಇಲ್ಲಿ. ಇದೇನು ನೋಡಿ."

ಮಹಾಂತೇಶ ಗಾಣಿಗೇರ ಆ ಯಂತ್ರದ ಹೊಣೆ ಹೊತ್ತ ಎಂಜಿನಿಯರ್. ಬಾಗಲಕೋಟೆ ಕಡೆಯವನು. ಅವಳೊಂದಿಗೆ ದಿನಾ ಜಗಳವಾಡಿಯೂ ಸ್ನೇಹ ಉಳಿಸಿಕೊಂಡ ಪುಣ್ಯಾತ್ಮ. ಇಣುಕಿ ನೋಡಿದವನ ಮುಖ ಸಪ್ಪಗಾಯಿತು.

"ತುಕ್ಕು ಇರಬೇಕ್ರಿ ಮೇಡಂ."

"ಇದರಲ್ಲಿ ಕಬ್ಬಿಣವೇ ಇಲ್ಲ ಕಣ್ರೀ. ತುಕ್ಕು ಹಿಡಿದಿರೋದು ನಿಮ್ಮ ತಲೆಗೆ!"

ವಾರಿಜಾ ತನ್ನ ಊಟದ ಡಬ್ಬಿಯಿಂದ ನಿಂಬೆಹೋಳು ತೆಗೆದು ಕೊಯ್ದ ಜಾಗಕ್ಕೆ ಒಂದು ಹನಿ ಹಿಂಡಿದಳು. ಕೆಂಪು ಮೆಲ್ಲಗೆ ಹಳದಿಯಾಯಿತು. ಅರಿಸಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮ ಹುಳಿ ತಾಕಿದರೆ ಮತ್ತೆ ಅರಿಸಿನದ ಬಣ್ಣಕ್ಕೆ ತಿರುಗುತ್ತದೆ. ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

"ಬೈಬ್ಯಾಡ್ರಿ ಮತ್ತ," ಎಂದ ಮಹಾಂತೇಶ, ಕಿವಿ ಮುಟ್ಟಿಕೊಂಡು. "ಆಯುಧಪೂಜಾ ದಿನ ಮಷೀನಿಗೆ ಕುಂಕುಮ ಹಚ್ಚಿದೆ. ರೆಕ್ಕಿ ಪಾಪ, ಅಷ್ಟು ದಿನದಿಂದ ಹೊಡೆತ ತಿನ್ನಾಕತ್ತಿತ್ತು. ಅದಕ್ಕೂ ಒಂಚೂರು ಹಚ್ಚಿದೆ. ಆಮ್ಯಾಲೆ ಒರೆಸಿದೆನ್ರಿ!"

ಪರೀಕ್ಷೆಯ ವಸ್ತುವಿಗೆ ಬೆರಳು ತಾಕಿಸುವುದೂ ಅಲ್ಲಿ ಅಪರಾಧ. ಬೇರೆ ದಿನವಾಗಿದ್ದರೆ ವಾರಿಜಾ ಅವನನ್ನು ಹುರಿದು ಮುಕ್ಕುತ್ತಿದ್ದಳು. ಈಗ ಅವಳಿಗೆ ಬೇರೆಯೇ ಯೋಚನೆ ಹತ್ತಿತ್ತು. ಕುಂಕುಮ ಒಳಗೆ ಇಳಿದಿದೆಯೆಂದರೆ ಪೂಜೆಯ ದಿನ ಬಿರುಕು ಬಾಯಿ ತೆರೆದಿತ್ತು. ಮಾಯ್ದದ್ದು ಆಮೇಲೆ.

"ಪೂಜೆ ಆದ್ಮೇಲೆ ಯಂತ್ರ ಶುರು ಮಾಡಿದ್ರಾ?"

"ಪೂಜಾ ಮಾಡಿ ಹೆಂಗ್ರಿ ಚಾಲೂ ಮಾಡೋದು? ವಿಜಯದಶಮಿ ಮುಗಿಯೋತನಕ ಮುಟ್ಟಲಿಲ್ಲ."

"ವರದಿಯಲ್ಲಿ ಅದು ಇಲ್ವಲ್ಲ!"

"ಮೀಟರು ಬಗ್ಗಿದ್ದನ್ನ ಅಷ್ಟ ಎಣಿಸ್ತೈತ್ರಿ. ಸುಮ್ಮ ಕುಂತಿದ್ದನ್ನ ಯಾರು ಎಣಿಸ್ತಾರ?"

ವಾರಿಜಾ ಹಣೆ ಚಚ್ಚಿಕೊಂಡಳು. ಮೇಜಿನ ಮೇಲೆ ಗೀಚಿದ ಹಾಳೆ ಸುಮ್ಮನೆ ಬಿದ್ದಿರುತ್ತಿತ್ತು. ಹಾಗೆ ಬಿದ್ದಿರುವುದೇ ಔಷಧಿಯೆಂದು ಅವಳಿಗೆ ಹೊಳೆದೇ ಇರಲಿಲ್ಲ. ಯಂತ್ರದಲ್ಲಾದರೋ ರಸ ಹೆಪ್ಪುಗಟ್ಟುವ ಮೊದಲೇ ಮುಂದಿನ ಬಾಗು ಅದನ್ನು ಹಿಂಡಿ ಹೊರಗೆ ಹಾಕುತ್ತಿತ್ತು. ಅವಳು ನಗತೊಡಗಿದಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಮಹಾಂತೇಶನಿಗೆ ಹೋದ ಜೀವ ಬಂದಂತಾಯಿತು.

ರೆಕ್ಕೆಗೆ ದಿನಾ ವಿಶ್ರಾಂತಿ ಬೇಕೆಂದು ಬೋಪಯ್ಯನವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ದಿನಾ ವಿಮಾನ ನಿಲ್ಲಿಸಿ ಅಂದರೆ ಕಂಪನಿಗಳು ನನ್ನ ಕತ್ತು ಹಿಸುಕುತ್ತವೆ ಕಣಮ್ಮ."

"ನಿಲ್ಲಿಸದೆ ಅದು ಬಿದ್ದರೆ ಸರ್?"

ಅವರು ನಾಲ್ಕನೇ ರೆಕ್ಕೆಯ ಪರೀಕ್ಷೆಗೆ ಸಹಿ ಹಾಕಿದರು. ಈ ಸಲ ಪ್ರತಿ ಸಂಜೆ ಮಹಾಂತೇಶ ಯಂತ್ರ ನಿಲ್ಲಿಸಿ, ಮಗುವನ್ನು ಮಲಗಿಸುವಂತೆ ರೆಕ್ಕೆಯನ್ನು ಮೆಲ್ಲಗೆ ತಟ್ಟಿ, "ಮಕ್ಕೋ ಇನ್ನ," ಎಂದು ಹೇಳಿ ಮನೆಗೆ ಹೋಗುತ್ತಿದ್ದ. ರೆಕ್ಕೆ ಮುರಿಯಲೇ ಇಲ್ಲ. ಕೊನೆಗೆ ಯಂತ್ರದ ತೋಳೇ ಸವೆದು ಬದಲಾಯಿಸಬೇಕಾಯಿತು.

ಕಂಪನಿಗಳು ಕೂಗಾಡಿದವು, ನ್ಯಾಯಾಲಯಕ್ಕೂ ಹೋದವು, ಆಮೇಲೆ ಒಪ್ಪಿಕೊಂಡವು. ರೆಕ್ಕೆಗೆ ದಿನಕ್ಕೆ ಎಂಟು ಗಂಟೆ ವಿಶ್ರಾಂತಿಯೆಂಬುದು ಕಾನೂನಾಯಿತು. ಅಲ್ಲಿಂದೀಚೆಗೆ ಹೊಸ ವಿಮಾನಗಳಲ್ಲಿ ಒಂದರ ರೆಕ್ಕೆಯೂ ಮುರಿಯಲಿಲ್ಲ.

ವರ್ಷಗಳ ನಂತರ, ಮಹಾಂತೇಶನ ಮಗಳ ಮದುವೆಗೆಂದು ವಾರಿಜಾ ಹುಬ್ಬಳ್ಳಿಗೆ ಬಂದಿಳಿದಳು. ತಲೆ ಪೂರಾ ಬೆಳ್ಳಗಾಗಿತ್ತು. ಕರೆದೊಯ್ಯಲು ಬಂದ ಮಹಾಂತೇಶ ಮೊದಲು ಅವಳನ್ನು ವಿಮಾನ ನಿಲ್ದಾಣದ ವಿಶ್ರಾಂತಿ ಶೆಡ್ಡಿಗೆ ಕರೆದೊಯ್ದ. ತಂಪಾದ ಮಂದ ಬೆಳಕಿನಲ್ಲಿ ವಿಮಾನವೊಂದು ನಿಂತಿತ್ತು. ಎರಡೂ ರೆಕ್ಕೆಯ ತುದಿಗೆ ಫಲಕ ತೂಗುಹಾಕಿದ್ದರು: "ವಿಶ್ರಾಂತಿಯಲ್ಲಿದೆ. ಮುಟ್ಟಬೇಡಿ." ವಾರಿಜಾಳಿಗೆ ಮಗುವಿನ ತೊಟ್ಟಿಲು ನೋಡಿದಷ್ಟು ಸಂತೋಷವಾಯಿತು.

ರೆಕ್ಕೆಯ ಕೆಳಗೆ ನೆಲ ಒರೆಸುತ್ತಿದ್ದ ಹೆಂಗಸು ಕೋಲಿಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದಳು. ಸದ್ದಿಗೆ ಬೆಚ್ಚಿ ಮತ್ತೆ ಒರೆಸತೊಡಗಿದಳು.

"ನಿದ್ದೆಗೆಟ್ಟಿದ್ದೀಯೇನಮ್ಮ?"

"ಡಬಲ್ ಡ್ಯೂಟಿ ಐತ್ರಿ ಅಕ್ಕಾರ. ನಿನ್ನೇನೂ ಅದ ಆಗಿತ್ತು."

"ಒಂದು ಗಳಿಗೆ ಕೂತ್ಕೋಬಾರದಾ?"

"ಕುಂತ್ರ ಸೂಪರ್‌ವೈಸರ್ ಬೈತಾರ್ರಿ."

ವಾರಿಜಾ ಮಹಾಂತೇಶನ ಮುಖ ನೋಡಿದಳು. ಅವನು ಮೂಲೆಯಲ್ಲಿದ್ದ ಕುರ್ಚಿಯನ್ನು ಎಳೆದು ತಂದ. ಅವಳು ಎಡರೆಕ್ಕೆಯ ಫಲಕ ಬಿಚ್ಚಿ ಕುರ್ಚಿಯ ಬೆನ್ನಿಗೆ ಕಟ್ಟಿ, ಆ ಹೆಂಗಸನ್ನು ಕೈಹಿಡಿದು ಕೂರಿಸಿದಳು.

ರೆಕ್ಕೆಗೆ ಫಲಕದ ಅಗತ್ಯವೇ ಇರಲಿಲ್ಲ. ಅದನ್ನು ಎಬ್ಬಿಸಬಾರದೆಂದು ಎಲ್ಲರಿಗೂ ಗೊತ್ತಿತ್ತು.