ಶುಕ್ರವಾರ ಹನ್ನೊಂದರ ಕರೆ

1999ರ ಅಕ್ಟೋಬರ್, ಗುರುವಾರ. ಪಾಂಡವಪುರದ ಬೆಲ್ಲದ ವ್ಯಾಪಾರದ ಕಚೇರಿಯಲ್ಲಿ ಮಾಲೀಕ ಮರಿಸ್ವಾಮಿ ಕಂಪ್ಯೂಟರಿನ ಮುಂದೆ ನಿಂತು ಬೆವರುತ್ತಿದ್ದ. ಮೇಲ್ ಸರ್ವರಿಗೆ ವೈರಸ್ ಹೊಕ್ಕಿತ್ತು. ಗಿರಾಕಿಗಳ ಪತ್ರಗಳೆಲ್ಲ ಅಳಿಸಿಹೋಗಿದ್ದವು. ಸಾಲದ್ದಕ್ಕೆ ಆ ಪಿಡುಗು ಅವನ ಹೆಸರಿನಲ್ಲೇ ಊರೂರಿಗೂ ಹೋಗಿತ್ತು.

"ಆಂಟಿವೈರಸ್ ಆರಿಸ್ದೋಳು ಈ ರಮ್ಯ. ಇವತ್ತೇ ಮನೆಗೆ ಕಳಿಸ್ಬುಡ್ತೀನಿ ಕಣ್ಲಾ!"

ಕೆ.ಆರ್. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಚಲುವರಾಜು ಆಗಷ್ಟೇ ಬಸ್ಸಿಳಿದು ಬಂದಿದ್ದ. ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ರಮ್ಯ ಅವನ ಹತ್ತಿರವೇ ಕಲಿತವಳು. ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಸಂಜೆವರ್ಗೂ ತಡಿಯಣ್ಣ," ಎಂದ.

* * *

ಆಂಟಿವೈರಸ್ ಒಳ್ಳೆಯದೇ ಇತ್ತು. ಆದರೆ ಅದು ವೈರಸ್ ಗುರುತು ಹಿಡಿಯುವ ಪಟ್ಟಿ ಆಗಸ್ಟಿಗೇ ನಿಂತುಹೋಗಿತ್ತು.

"ಹೊಸ ಪಟ್ಟಿ ಯಾವಾಗ ಬತ್ತದವ್ವ?"

"ಶುಕ್ರವಾರ ಹನ್ನೊಂದಕ್ಕೆ ಸಾರ್. ಮಿಷನ್ನೇ ಫೋನ್ ಮಾಡಿ ತರಿಸ್ಕತದೆ. ಆವತ್ತು ನಾನು ನಾಗಮಂಗಲದ ಬ್ರಾಂಚಲ್ಲಿರ್ತೀನಿ."

ಚಲುವರಾಜು ಮಿಷನ್ ಮಾಡಿದ ಕರೆಗಳ ದಾಖಲೆ ತೆಗೆದ. ಎಂಟು ಶುಕ್ರವಾರ. ಎಂಟು ಸಲವೂ 'ಲೈನ್ ಇಲ್ಲ'. ಟೆಲಿಫೋನ್ ಲೈನ್‌ಮನ್ ಶಿವಲಿಂಗಯ್ಯನ ಮೇಲೆ ಅನುಮಾನ ಬಂತು. ಹೋಗಿ ವಿಚಾರಿಸಿದ.

"ಎರಡು ತಿಂಗಳಿಂದ ಒಂದಿನಾನೂ ಲೈನ್ ಕೆಟ್ಟಿಲ್ಲ ಕಣಪ್ಪ."

ಹಾಗಾದರೆ ಕೈವಾಡ ಕಚೇರಿಯೊಳಗಿನದೇ.

* * *

"ಸ್ವಾಮಿ, ಸಂಜೆ ರಮ್ಯಂಗೆ ಕೊಡಕ್ಕೆ ಕೆಲ್ಸ ಬುಡ್ಸೋ ಕಾಗದ ಬರ್ದುಬುಡಿ," ಎಂದ ಮರಿಸ್ವಾಮಿ.

ಹಿರಿಯ ಮ್ಯಾನೇಜರ್ ರಾಮಸ್ವಾಮಿ ಗಡಿಯಾರ ನೋಡಿ ಪೆನ್ನಿಗೆ ಮುಚ್ಚಳ ಹಾಕಿದರು.

"ಒಂದೂವರೆ. ರಾಹುಕಾಲ ಶುರುವಾಯ್ತು. ಮೂರರ ಮೇಲೆ ಬರೀತೀನಿ."

ಎದ್ದು ಹೋಗಿ ಸರ್ವರಿನ ಫೋನ್ ವೈರನ್ನೂ ಕಿತ್ತಿಟ್ಟರು. ಚಲುವರಾಜು ನೋಡುತ್ತಲೇ ಇದ್ದ.

"ಐನೋರೆ, ಶುಕ್ರವಾರ ರಾಹುಕಾಲ ಯಾವಾಗ?"

"ಹತ್ತೂವರೆಯಿಂದ ಹನ್ನೆರಡು."

"ಆಗ್ಲೂ ವೈರು ಕೀಳ್ತೀರಾ?"

"ದಿನಾ ಕೀಳ್ತೀನಪ್ಪ. ಆಗಸ್ಟಲ್ಲಿ ಪೇಪರಲ್ಲಿ ವೈರಸ್ ಸುದ್ದಿ ಓದಿದಾಗಿಂದ. ಆ ಹೊತ್ತಲ್ಲಿ ಕೆಟ್ಟದ್ದು ಒಳಗೆ ಬರಬಾರದಲ್ಲ."

"ಮಿಕ್ಕ ದಿನ ಮಿಷನ್ನು ಆಮೇಲೆ ಫೋನ್ ಮಾಡಿ ಮೇಲ್ ತಂದ್ಬುಡ್ತಿತ್ತು. ಅದ್ಕೇ ಯಾರ್ಗೂ ಗೊತ್ತಾಗ್ನಿಲ್ಲ. ಹೊಸ ಪಟ್ಟಿ ಬರೋದು ಮಾತ್ರ ವಾರಕ್ಕೊಂದೇ ಸಲ, ಶುಕ್ರವಾರ ಹನ್ನೊಂದಕ್ಕೆ. ಕಳ್ಳ ಬರಬಾರ್ದು ಅಂತ ಬಾಗ್ಲಾಕಿದ್ರಿ. ಕಾವಲುಗಾರನೇ ಆಚೆ ನಿಂತ್ಬುಟ್ಟ."

ರಾಮಸ್ವಾಮಿಗಳ ಮುಖ ಬಿಳಿಚಿಕೊಂಡಿತು. ಅವರು ಪೆನ್ನು ತೆಗೆದರು. 'ತಪ್ಪು ನನ್ನದು, ರಮ್ಯಳದ್ದಲ್ಲ' ಎಂದು ಬರೆದು ಸಹಿ ಮಾಡಿದರು. ಗಂಟೆ ಇನ್ನೂ ಎರಡಾಗಿರಲಿಲ್ಲ.

ಮರಿಸ್ವಾಮಿ ಓದಿ, ಕಾಗದ ಹರಿದುಹಾಕಿದ. "ಸುಮ್ಕೆ ಕೂತ್ಕಳಿ ಸ್ವಾಮಿ. ನಿಮ್ಮಿಬ್ರಲ್ಲಿ ಯಾರ್ನೂ ಕಳ್ಸಕ್ಕಿಲ್ಲ ನಾನು."

ರಮ್ಯಳ ಕಣ್ಣು ಮತ್ತೆ ತುಂಬಿತು, ಈ ಸಲ ಬೇರೆ ಕಾರಣಕ್ಕೆ. "ಮೂರು ಗಂಟೆಗೆ ಹೊಸ ಪಟ್ಟಿ ತರಿಸ್ತೀನಿ ಸಾರ್," ಎಂದಳು ರಾಮಸ್ವಾಮಿಗಳಿಗೆ.

"ಬೇಡ ಮಗಳೇ, ಈಗಲೇ ತರಿಸು," ಎಂದು ರಾಮಸ್ವಾಮಿ ತಾವೇ ವೈರು ಸಿಕ್ಕಿಸಿದರು.