ಮೊಲಗಳು ಹೋದ ಮೇಲಿನ ಕೆಂಪು

ಆ ಬೆಳಿಗ್ಗೆ ಜಪಾನಿನ ಕನಜಾವಾದಲ್ಲಿ ಒದ್ದೆ ಹಿಮ ಬೀಳುತ್ತಿತ್ತು. ನೆಲ ಮುಟ್ಟುವ ಮೊದಲೇ ಅರ್ಧ ನೀರಾಗುವ, ಛತ್ರಿಯ ಮೇಲೆ ದೊಪ್ಪನೆ ಕೂರುವ ಭಾರದ ಹಿಮ. ಪ್ರಯೋಗಾಲಯದ ಹಿಂದಿನ ಸ್ಮಾರಕ ಕಲ್ಲಿನ ಮುಂದೆ ಭಿಕ್ಷು ಮಂತ್ರ ಮುಗಿಸಿ ಹೊರಟಿದ್ದ. ಪ್ರಯೋಗಕ್ಕೆ ಜೀವ ತೆತ್ತ ಪ್ರಾಣಿಗಳಿಗೆಂದು ವರ್ಷಕ್ಕೊಮ್ಮೆ ಊದುಬತ್ತಿ ಹಚ್ಚುವ ದಿನ ಅದು.

ಎಲ್ಲರೂ ಒಳಗೆ ಹೋದರೂ ಮಿನೆಯೊ ಅಲ್ಲೇ ನಿಂತಿದ್ದಳು. ಏಳು ತಿಂಗಳು, ದಿನ ಬಿಟ್ಟು ದಿನ, ಮೊಲಗಳ ಕಿವಿಗೆ ಡಾಂಬರು ಸವರಿದವಳು ಅವಳು. ಅದರಿಂದ ಕ್ಯಾನ್ಸರ್ ಗಂಟು ಏಳುವುದೇ ಎಂದು ನೋಡುವುದು ಡಾಕ್ಟರ್ ಕುವಬಾರನ ಸಂಶೋಧನೆ. ಗಂಟು ಎದ್ದಿತು. ಮೊಲಗಳನ್ನು ಕೊಂದು ಕಿವಿಗಳನ್ನು ಪರೀಕ್ಷಿಸಿ ತಿಂಗಳಾಗಿತ್ತು. ಆದರೂ ಖಾಲಿ ಗೂಡುಗಳಿಂದ ಅವಳಿಗೆ ಉಗುರು ಕೆರೆಯುವ ಸದ್ದು ಕೇಳುತ್ತಿತ್ತು.

ಕುವಬಾರ ಬಂದು ಮೂರು ಹೆಜ್ಜೆ ದೂರದಲ್ಲಿ ನಿಂತ. ಅವನ ಕತ್ತು ಕೆಂಪೇರಿತು.

ಮೊಲದ ಕೂದಲು ಅವನಿಗೆ ಒಗ್ಗದು. ಅವಳ ತೋಳಿಗಂಟಿದ ಎರಡೆಳೆ ಸಾಕಿತ್ತು, ಕಾಲರಿನಿಂದ ಕಿವಿಯವರೆಗೆ ದದ್ದು ಏಳಲು. ಗೂಡು ಗುಡಿಸುವ ತೊಮೆ ಅಜ್ಜಿ, "ಡಾಕ್ಟ್ರು ನಿನ್ನ ಕಂಡ್ರೆ ನಾಚ್ಕೋತಾರೆ ಕಣೇ" ಎಂದು ಛೇಡಿಸಿದಾಗ ಅವನೂ ಅವಳೂ ನಕ್ಕಿದ್ದರು.

ನಿನ್ನೆ ಅವನು ಮದುವೆಯಾಗೋಣವೇ ಎಂದು ಕೇಳಿದ್ದ. ಅವಳು ಉತ್ತರ ಕೊಡದೆ ಓಡಿಹೋಗಿದ್ದಳು.

"ನೋಡಿ ಡಾಕ್ಟ್ರೇ, ಈಗ್ಲೂ ಕೆಂಪಾಯ್ತು. ಬಟ್ಟೆ ನಾಲ್ಕು ಸಲ ಕುದಿಸಿದೀನಿ. ತಲೆ ಉಜ್ಜಿ ಉಜ್ಜಿ ತೊಳೆದಿದೀನಿ. ಅವು ನನ್ನ ಬಿಟ್ಟಿಲ್ಲ. ನಿಮ್ಮ ಮನೆಗೂ ನನ್ನ ಜೊತೇಲೇ ಬರ್ತವೆ."

"ಮಿನೆಯೊ ಸಾನ್, ಇದು ದದ್ದಲ್ಲ."

"ಮತ್ತೆ?"

"ದದ್ದಾದ್ರೆ ತುರಿಸತ್ತೆ. ಇದು ತುರಿಸ್ತಿಲ್ಲ."

"ಮತ್ತೇನು ಮಾಡತ್ತಂತೆ?"

"ಮಾತು ಮರೆಸತ್ತೆ." ಅವನು ಛತ್ರಿಯ ಹಿಡಿಯನ್ನೇ ನೋಡಿದ. "ಅಜ್ಜಿ ಹೇಳಿದ್ದೇ ನಿಜ. ಆಗಿನ ಕೆಂಪು ಅರ್ಧ ಮೊಲದ್ದು, ಅರ್ಧ ನಿಮ್ಮದು. ಪಾಪ, ಎಲ್ಲಾ ಮೊಲದ ತಲೆಗೇ ಕಟ್ಟಿದ್ದೆ."

ಅವಳಿಗೆ ನಗು ಬಂತು. ತುಟಿಯವರೆಗೆ ಬಂದು ನಿಂತಿತು.

"ಹಾಗಾದ್ರೆ ಗೂಡಿಂದ ಕೇಳೋ ಆ ಸದ್ದು? ಕೊನೇ ದಿನ ಮೊಲಗಳ ಹೊಟ್ಟೆ ಖಾಲಿ ಇರ್ಲಿ ಅಂದ್ರಿ. ನಾನು ಮೇವು ಹಾಕ್ಲಿಲ್ಲ. ಬರಿಗೈಲಿ ಹೋದ್ರೂ ಕಿವಿ ತಗ್ಗಿಸಿ ಕೊಟ್ವು, ಡಾಕ್ಟ್ರೇ. ಹಸಿದೇ ಹೋದ್ವು. ಈಗ ಮೇವಿನ ತೊಟ್ಟಿ ಕೆರೀತಾವೆ."

ಅವನು ಭ್ರಮೆ ಎನ್ನಲಿಲ್ಲ.

"ನಂಗೂ ಕೇಳತ್ತೆ," ಎಂದ. "ಹಾಕ್ಬೇಡಿ ಅಂದೋನು ನಾನಲ್ವಾ."

ಛತ್ರಿಯನ್ನು ಅವಳ ಕೈಗಿತ್ತು ಇಳಿಜಾರಿನಲ್ಲಿ ಮಾರುಕಟ್ಟೆಯತ್ತ ಹೋದ. ಮರಳಿದಾಗ ತಲೆಯ ಮೇಲೆ ಹಿಮ, ತೋಳ್ತುಂಬ ಮೂಲಂಗಿ ಸೊಪ್ಪು. ಅವಳು ಅವನ ಭುಜದ ಹಿಮ ಕೊಡವಿದಳು. ಅವನು ಹಿಂದೆ ಸರಿಯಲಿಲ್ಲ.

"ತೊಮೆ ಅಜ್ಜಿಗೆ ನೀವೇ ಹೇಳ್ಬೇಕು," ಎಂದಳು. "ನಾನು ಹೇಳಲ್ಲಪ್ಪ."

"ಏನಂತ?"

"ಅಯ್ಯೋ, ಇಷ್ಟು ಓದಿದೋರು! ನಾನು ಒಪ್ಪಿದೆ ಅಂತ."

ಅವನು ತಲೆಯಾಡಿಸಿ ಕಲ್ಲಿನ ಮುಂದೆ ಮಂಡಿಯೂರಿದ. ಒಂದೊಂದು ಮೊಲಕ್ಕೆ ಒಂದೊಂದು ಹಿಡಿ. ಎಲೆಯ ಮೇಲಿನ ನೀರು ಒರೆಸಿ, ಹಸಿದವರ ಮುಂದೆ ಇಡುವಂತೆ, ಎರಡೂ ಕೈಯಿಂದ ಮೆಲ್ಲಗೆ ಇಟ್ಟ.